ಮಲಪ್ರಭಾ ಗಣರಾಜ್ಯದ ಸಭಾಪತಿ

ನನ್ನ ಮಾವ ನಿಜಗುಣಪ್ಪನವರೂ ನನ್ನ ಗಂಡ ನಿಂಗರಾಜರೂ ಮಾತು ಬಿಟ್ಟು ಅರ್ಧ ವರ್ಷದ ಮೇಲಾಗಿತ್ತು. ಒಂದೇ ಮನೆ, ಒಂದೇ ಒಲೆ, ಎದುರುಬದುರು ಕೂತು ಊಟ. ಮಾತು ಮಾತ್ರ ನನ್ನ ಮೂಲಕ.

"ನಿನ್ನ ಗಂಡಗ ಹೇಳವಾ, ಹಿತ್ತಲ ಬಾಗಲಾ ತೆರದ ಬಿಟ್ಟಾನಂತ," ಎಂದು ಮಾವ ರೊಟ್ಟಿ ಮುರಿಯುತ್ತ ಹೇಳುವರು.

"ಅಪ್ಪಗ ಹೇಳು, ಕಡೀಕ ಹೊರಗ ಹೋದಾಂವ ನಾ ಅಲ್ಲಂತ," ಎಂದು ಇವರು ತಟ್ಟೆಗೆ ಉತ್ತರ ಕೊಡುವರು.

ಇಬ್ಬರಿಗೂ ಕಿವಿ ಚೆನ್ನಾಗಿಯೇ ಇತ್ತು. ಆದರೂ ನಾನು ಅದನ್ನೇ ಇನ್ನೊಮ್ಮೆ ಹೇಳದಿದ್ದರೆ ಮಾತು ಅಲ್ಲಿಗೇ ನಿಂತುಬಿಡುತ್ತಿತ್ತು. ನಮ್ಮ ಬೈಲಹೊಂಗಲದ ಕಡೆ ಗಂಡಸರು ಹೀಗೆ ಸೊಸೆಯನ್ನು ನಡುವೆ ನಿಲ್ಲಿಸಿ ಮುನಿಸಿಕೊಳ್ಳುವುದು ಹೊಸದೇನಲ್ಲ. ಆದರೆ ನನ್ನದು ಮೊದಲೇ ಮೂಗಿನ ತುದಿಯ ಸಿಟ್ಟು. ಒಂದು ದಿನ ಇಬ್ಬರ ತಲೆಯ ಮೇಲೂ ಸಾರು ಸುರಿದೇನು ಅನ್ನುವಷ್ಟು ಬೇಸತ್ತಿದ್ದೆ.

ಜಗಳದ ಮೂಲ ಸಣ್ಣದು. ಮಾವನವರದು ಮಾರ್ಕೆಟ್ ಯಾರ್ಡಿನಲ್ಲಿ ಹತ್ತಿ, ಶೇಂಗಾದ ಅಡತಿ ಅಂಗಡಿ. ರೈತರ ಮಾಲನ್ನು ಖರೀದಿದಾರರಿಗೆ ಹೊಂದಿಸಿಕೊಡುವ ಕೆಲಸ. ಒಬ್ಬನೇ ಮಗ ಆ ಗಾದಿಯ ಮೇಲೆ ಕೂರಲಿಲ್ಲ. ಇವರು ಮನೆಯ ಮುಂದಿನ ಕೋಣೆಯಲ್ಲಿ ನಾಲ್ಕು ಕಂಪ್ಯೂಟರ್ ಇಟ್ಟು ಹುಡುಗರಿಗೆ ಕಲಿಸತೊಡಗಿದರು. ಮಾವ ಅದಕ್ಕೆ "ಟೀವಿ ಅಂಗಡಿ" ಎಂದರು. ಆ ಒಂದು ಮಾತಿಗೆ ಇವರು ಬಾಯಿ ಮುಚ್ಚಿದರು, ಅವರೂ ಮುಚ್ಚಿದರು.

ನನ್ನ ಚಿಂತೆ ಬೇರೆ ಇತ್ತು. ನನಗಾಗ ಏಳು ತಿಂಗಳು. ಮುಂದಿನ ವಾರ ಸೀಮಂತದ ಕುಬಸ ಮಾಡಿ ಚೊಚ್ಚಲ ಹೆರಿಗೆಗೆ ತವರುಮನೆ ರಾಮದುರ್ಗಕ್ಕೆ ಕರೆದೊಯ್ಯುವವರಿದ್ದರು. ಅತ್ತೆ ನಾನು ಬರುವ ಮೊದಲೇ ತೀರಿಕೊಂಡಿದ್ದರು. ನಾನು ಬಸ್ಸು ಹತ್ತಿದರೆ ಈ ಮನೆಯಲ್ಲಿ ಉಳಿಯುವವರು ಇಬ್ಬರು ಮೂಕರು. ರಾತ್ರಿ ಒಬ್ಬರಿಗೆ ಎದೆ ಹಿಡಿದರೂ ಇನ್ನೊಬ್ಬರನ್ನು ಕರೆಯಲಿಕ್ಕಿಲ್ಲ ಎಂದು ನೆನೆದರೆ ನನಗೆ ಅನ್ನ ಇಳಿಯುತ್ತಿರಲಿಲ್ಲ. ಹೋಗುವ ಮೊದಲು ಇವರಿಬ್ಬರ ನಡುವೆ ಒಂದಾದರೂ ನೇರ ಮಾತು ಆಗಲಿ ಎಂಬುದೊಂದೇ ನನ್ನ ಆಸೆ.

ಆ ವರ್ಷ, ಅಂದರೆ ಎರಡು ಸಾವಿರದ ಮೂರರಲ್ಲಿ, ಇವರು ಬೆಳಗಾವಿಯಿಂದ ಒಂದು ಗೇಮಿನ ಸಿ.ಡಿ. ತಂದಿದ್ದರು. ಹೊಸ ದೇಶವೊಂದನ್ನು ಕಟ್ಟಿ ಬೆಳೆಸುವ ಆಟ. ದೇಶ ಸ್ವತಂತ್ರವಾದೊಡನೆ ಆಟ ನಿಂತು, "ಸಂವಿಧಾನ ರಚಿಸಿ" ಎನ್ನುತ್ತದೆ. ಮತ ಯಾರಿಗೆ, ಸೈನ್ಯ ಯಾರ ಕೈಗೆ, ಪೇಟೆ ಹೇಗೆ ಎಂದು ಒಂದೊಂದೇ ಕೇಳುತ್ತದೆ. ಸುಮ್ಮನೆ ಗುಂಡಿ ಒತ್ತಿದ್ದರೆ ಹತ್ತು ನಿಮಿಷದ ಕೆಲಸ. ಇವರು ಅದನ್ನು ರವಿವಾರದ ಸಂವಿಧಾನ ಸಭೆ ಮಾಡಿಬಿಟ್ಟರು. ದೇಶಕ್ಕೆ ಮಲಪ್ರಭಾ ಗಣರಾಜ್ಯ ಎಂದು ಹೆಸರಿಟ್ಟರು. ಇವರ ಕಂಪ್ಯೂಟರ್ ಸೆಂಟರಿನಲ್ಲಿ ಕಲಿಸುತ್ತಿದ್ದ ಕಿತ್ತೂರಿನ ಬಾಳು ಸೈನ್ಯದ ಪ್ರತಿನಿಧಿ. ಸವದತ್ತಿಯಿಂದ ಬಸ್ಸಿನಲ್ಲಿ ಬಂದು ಕಲಿಯುತ್ತಿದ್ದ ಮೀನಾ ಹೆಂಗಸರ ಪ್ರತಿನಿಧಿ. ಇವರು ರೈತರ ಕಡೆ. ವ್ಯಾಪಾರಸ್ಥರ ಕಡೆ ಇನ್ನೊಬ್ಬ ವಿದ್ಯಾರ್ಥಿ. ಮೂರನೆಯ ಕಲಮಿಗೇ ಎಲ್ಲರೂ ಒಟ್ಟಿಗೆ ಒದರಾಡತೊಡಗಿದಾಗ ನಾನು ಒಳಗಿನಿಂದ ಬಂದು ಗದರಿದೆ. ಅಲ್ಲಿಗೆ ಸಭಾಪತಿಯ ಪಟ್ಟ ನನಗೆ ಬಂತು. ಸದಸ್ಯರು ತಮ್ಮತಮ್ಮಲ್ಲಿ ಮಾತಾಡಕೂಡದು, ಏನಿದ್ದರೂ ಸಭಾಪತಿಗೇ ಹೇಳಬೇಕು ಎಂದು ನಿಯಮ ಮಾಡಿದೆ. ಆ ಕೆಲಸದಲ್ಲಿ ನನಗೆ ಆಗಲೇ ಸಾಕಷ್ಟು ಅನುಭವ ಇತ್ತು.

ಕುಬಸದ ಹಿಂದಿನ ರವಿವಾರ ವ್ಯಾಪಾರಸ್ಥರ ಹುಡುಗ ಬರಲಿಲ್ಲ. ಪೇಟೆಯ ಕಲಮು ಬಂದಿತ್ತು. ಇವರು ಎದ್ದು ನಿಂತು, ರೈತ ತನ್ನ ಮಾಲು ತಾನೇ ಮಾರಲಿ, ನಡುವೆ ಅಡತ್ಯಾ ಬೇಡ ಎಂದು ಜೋರಾಗಿ ಭಾಷಣ ಮಾಡುತ್ತಿದ್ದರು. ಚಹಾ ಕೇಳಲು ಬಂದ ಮಾವ ಬಾಗಿಲಲ್ಲೇ ನಿಂತರು. ಮೀಸೆ ಅದುರಿತು.

"ಅಡತ್ಯಾ ಇಲ್ಲದ ಪ್ಯಾಟಿ ಯಾವ ದೇಶದಾಗೈತಿ?" ಎಂದು ಒಳಗೆ ಬಂದು ಖಾಲಿ ಕುರ್ಚಿಯಲ್ಲಿ ಕೂತೇಬಿಟ್ಟರು.

ನಾನು ಗಡಬಡಿಸಿ ಸೆರಗು ತಲೆಗೆಳೆದುಕೊಂಡು ಎದ್ದು ನಿಂತೆ. ಮಾವನವರ ಎದುರು ಕುರ್ಚಿಯಲ್ಲಿ ಕೂತವಳಲ್ಲ ನಾನು.

"ಅಜ್ಜಾರ, ರಾಜೇಶ್ವರಿ ಅಕ್ಕಾರು ಇಲ್ಲಿ ಸಭಾಪತಿ. ಅವರು ಕುಂದರಬೇಕು. ನೀವು ಅವರಿಗಷ್ಟ ಮಾತಾಡಬೇಕು, ಸರ್‌ಗ ಅಲ್ಲ," ಎಂದಳು ಮೀನಾ.

ಮಾವ ನನ್ನನ್ನೂ ಕುರ್ಚಿಯನ್ನೂ ನೋಡಿದರು. "ಕುಂದರ್ರಿ ಸಭಾಪತಿಯವರ," ಎಂದರು. ಅವರ ಬಾಯಿಂದ ನನಗೆ ಬಹುವಚನ! ನಗು ತಡೆದುಕೊಂಡು ಕೂತೆ.

ಆಮೇಲೆ ಒಂದು ತಾಸು ನಡೆದದ್ದು ನೋಡಬೇಕಿತ್ತು. "ಸಭಾಪತಿಯವರ, ರೈತರ ಸದಸ್ಯರಿಗೆ ಹೇಳ್ರಿ, ಮಳಿ ಬಂದಾಗ ಹತ್ತಿ ಚೀಲಾ ಇಡಾಕ ಜಾಗಾ ಯಾರು ಕೊಡತಾರ?" ಎಂದರೆ, "ಸಭಾಪತಿಯವರ, ವ್ಯಾಪಾರಸ್ಥರ ಸದಸ್ಯರಿಗೆ ಹೇಳ್ರಿ, ಅದಕ್ಕ ಸರಕಾರ ಗೋದಾಮು ಕಟ್ಟತೈತಿ," ಎಂಬ ಉತ್ತರ. ಬಾಳು, ಮೀನಾ ಹೊಸ ಸದಸ್ಯರ ಶಿಸ್ತಿಗೆ ಬೆರಗಾದರು. ಅಭ್ಯಾಸ ಎಷ್ಟು ದಿನದ್ದೆಂದು ಆ ಮಕ್ಕಳಿಗೇನು ಗೊತ್ತು! ಆದರೆ ಮಾವನವರ ಕಣ್ಣಲ್ಲಿ ಎಂದೂ ಕಾಣದ ಹುರುಪಿತ್ತು. ಇವರೂ ಮಾತಿಗೆ ಮಾತು ಕೊಡುತ್ತ ಕೆಂಪಾಗಿದ್ದರು. ಇಷ್ಟು ಪ್ರೀತಿಯಿಂದ ಜಗಳವಾಡುವವರು ಯಾಕೆ ಮಾತು ಬಿಟ್ಟು ಕೂತಿದ್ದಾರೆ ಎಂದು ನನಗೆ ಅನಿಸಿತು.

ತಡೆಯಲಾರದೆ ನಾನೇ ಒಂದು ಕಲಮು ತಂದೆ. "ಸಭಾಪತಿ ಊರಾಗ ಇಲ್ಲದಾಗ ಸದಸ್ಯರು ಒಬ್ಬರಿಗೊಬ್ಬರು ನೇರ ಮಾತಾಡಬೇಕು. ಇದು ಕಡ್ಡಾಯ," ಎಂದೆ.

"ಗೇಮಿನ್ಯಾಗ ಅಂಥಾದ್ದು ಇಲ್ರಿ ಅಕ್ಕಾರ," ಎಂದ ಬಾಳು.

"ಗೇಮಿನ್ಯಾಗ ಇಲ್ಲದಿದ್ರ ಇಲ್ಲ. ಮತಕ್ಕ ಹಾಕ್ರಿ," ಎಂದು ರೇಗಿದೆ.

ಅಪ್ಪ, ಮಗ ಇಬ್ಬರೂ ನೆಲ ನೋಡತೊಡಗಿದರು. ಕೊನೆಗೆ ಮಾವನೇ ತಲೆಯೆತ್ತಿದರು.

"ಸಭಾಪತಿಯವರ, ಕೈ ಎತ್ತೂದು ಬ್ಯಾಡ. ಒಬ್ಬರ ಮಾರಿ ಒಬ್ಬರು ನೋಡಿ ಎತ್ತತಾರ. ನಮ್ಮ ಪದ್ಧತಿ ಮಾಡೂನು," ಎಂದು ಹೆಗಲ ಮೇಲಿನ ಟವೆಲ್ ತೆಗೆದು ಬಲಗೈಗೆ ಮುಸುಕು ಹಾಕಿಕೊಂಡರು.

ದನದ ಪೇಟೆಯಲ್ಲಿ ಇಂದಿಗೂ ಹಾಗೆಯೇ. ಟವೆಲ್ಲಿನ ಕೆಳಗೆ ಕೈ ಹಿಡಿದು, ಬೆರಳು ಒತ್ತಿ ದರ ಹೇಳುತ್ತಾರೆ. ಪಕ್ಕದಲ್ಲಿ ನಿಂತವನಿಗೂ ತಿಳಿಯುವುದಿಲ್ಲ. ಒಂದು ಬೆರಳು ಹಿಡಿದರೆ ಒಪ್ಪಿಗೆ, ಎರಡು ಹಿಡಿದರೆ ವಿರೋಧ ಎಂದು ಮಾವ ವಿವರಿಸಿದರು. ಸಭೆಯ ಹಿರಿಯರೆಂದು ಮತ ತೆಗೆದುಕೊಳ್ಳುವ ಹೊಣೆ ಅವರಿಗೇ ಬಂತು. ಮಗನೂ ಬಂದು ತನ್ನ ಕೈ ಹಿಡಿಯಬೇಕಾಗುತ್ತದೆ ಎಂಬುದು ಅವರಿಗೆ ಹೊಳೆದಿರಲೇ ಇಲ್ಲ ಎಂದು ನಾನು ಇಂದಿಗೂ ನಂಬಿದ್ದೇನೆ.

ಮೀನಾ ನಗುತ್ತ ಕೈ ಹಾಕಿ ತೆಗೆದಳು. ಬಾಳು ಹಾಕಿದ. ಆಮೇಲೆ ಇವರ ಸರದಿ. ಇವರು ಕುರ್ಚಿ ಬಿಟ್ಟೇಳಲಿಲ್ಲ. ನಾನು ಮೇಜು ಕುಟ್ಟಿದೆ. ಎದ್ದು ಬಂದು, ಗೋಡೆಯ ಕಡೆ ಮುಖ ಮಾಡಿ, ಟವೆಲ್ಲಿನ ಕೆಳಗೆ ಕೈ ತೂರಿಸಿದರು.

ಕೈ ಹೊರಗೆ ಬರಲಿಲ್ಲ. ಇವರು ಎಳೆದುಕೊಂಡರೂ ಬರಲಿಲ್ಲ. ಮಾವ ಗಟ್ಟಿಯಾಗಿ ಹಿಡಿದಿದ್ದರು. ಅವರ ಮುಖದ ಹುರುಪೆಲ್ಲ ಇಳಿದುಹೋಗಿತ್ತು. ಟವೆಲ್ ಜಾರಿ ಬಿತ್ತು. ಇನ್ನೊಂದು ಕೈಯಿಂದ ಮಗನ ಕುತ್ತಿಗೆ ಮುಟ್ಟಿ ನೋಡಿದರು.

"ಮೈ ಸುಡಾಕತ್ತೈತಲ್ಲೋ," ಎಂದರು. "ಯಾವಾಗಿಂದ ಜ್ವರ ಬಂದಾವು?"

ಇವರು ರೂಢಿಯಂತೆ ನನ್ನ ಕಡೆ ತಿರುಗಿದರು. ಹೇಳು ಎಂಬಂತೆ ನೋಡಿದರು. ಬೆಳಗಿನಿಂದ ಜೊತೆಗಿದ್ದೂ ಇವರಿಗೆ ಜ್ವರವೆಂದು ನನಗೆ ತಿಳಿದಿರಲಿಲ್ಲ. ತಿಳಿದಿದ್ದರೂ ಆಗ ನಾನು ಬಾಯಿ ಬಿಡುತ್ತಿರಲಿಲ್ಲ. ತುಟಿ ಕಚ್ಚಿ ಕೂತೆ.

"ಮುಂಜಾನಿಂದ, ಅಪ್ಪಾ," ಎಂದರು ಇವರು. ಸಣ್ಣ ಹುಡುಗನ ದನಿ.

"ಮುಂಜಾನಿಂದ ಜ್ವರಾ ಇಟಗೊಂಡು ಗೋದಾಮು ಕಟ್ಟಾಕ ಹತ್ತೀಯೇನ? ನಡಿ, ಡಾಕ್ಟರ ಕಡೆ ಹೋಗೂನು."

"ಗುಳಿಗಿ ತಗೋತೇನಿ ಬಿಡ್ರಿ. ಮತ ಎಣಸ್ರಿ ಮೊದಲ."

"ನಾ ಬೆರಳ ನೋಡಲೇ ಇಲ್ಲ. ನಡಿ ಅಂದ್ನೆಲ್ಲಾ."

ಟವೆಲ್ ಎತ್ತಿ ಮಗನ ಕಿವಿ ಮುಚ್ಚುವಂತೆ ಸುತ್ತಿ, ರಟ್ಟೆ ಹಿಡಿದು ಹೊಸ್ತಿಲು ದಾಟಿಸಿದರು. ಬೀದಿಯುದ್ದಕ್ಕೂ ಇಬ್ಬರ ದನಿ ಕೇಳುತ್ತಿತ್ತು. ಅವರು ಬೈಯುವುದು, ಇವರು ಎದುರು ಮಾತಾಡುವುದು, ಮತ್ತೆ ಅವರು ಬೈಯುವುದು. ನನಗೆ ಅಳು ಉಕ್ಕಿ ಬಂತು, ಬಂದಷ್ಟೂ ಅತ್ತೆ. ಬಾಗಿಲ ತನಕ ಹೋಗಿ ನೋಡಿದೆ. ಓಣಿಯ ತಿರುವಿನ ತನಕ ಮಾತಾಡುತ್ತಲೇ ಹೋದರು, ನನ್ನನ್ನು ಯಾರೂ ಏನೂ ಕೇಳಲಿಲ್ಲ.