ಮೈನಸ್ ಒಬ್ಬ ಕಳ್ಳ

ಜುಲೈ ಒಂಬತ್ತು, ಗುರುವಾರ, ಬೆಳಿಗ್ಗೆ ಹತ್ತೂಕಾಲು. ಸರ್ಕಾರದ ಅಪರಾಧ ಸಂಶೋಧನಾ ಸಲಹಾ ಮಂಡಳಿಯ ಕೊಠಡಿಯಲ್ಲಿ ಹನ್ನೊಂದು ಮಂದಿ ವಿದ್ವಾಂಸರು, ಹನ್ನೊಂದು ಕುರ್ಚಿ, ಒಂದು ಫ್ಲಾಸ್ಕು. ಚಹಾ ವಿರಾಮ ಮುಗಿದಾಗ ವಿದ್ವಾಂಸರೂ ಕುರ್ಚಿಗಳೂ ಅಷ್ಟೇ ಇದ್ದರು, ಫ್ಲಾಸ್ಕು ಇರಲಿಲ್ಲ.

ಅದು ಗಣಿತದ ಪ್ರೊಫೆಸರರು ತಂದದ್ದು. ಅವರದೂ ಅಲ್ಲ, ಅವರ ಅಕ್ಕನದು. ಇಪ್ಪತ್ತೆರಡು ವರ್ಷಗಳಿಂದ ಅಕ್ಕ ಮಾತ್ರೆ ನುಂಗುತ್ತಿದ್ದದ್ದು ಅದರ ಬಿಸಿನೀರಿನಲ್ಲೇ. ತಮ್ಮನ ಗಂಟಲು ಕಟ್ಟಿದೆಯೆಂದು ಒಂದು ದಿನದ ಮಟ್ಟಿಗೆ ಕೊಟ್ಟಿದ್ದಳು. ಸಂಜೆ ಆರಕ್ಕೆ ಫ್ಲಾಸ್ಕು ಮನೆಗೆ ಬರದಿದ್ದರೆ ನೀನೂ ಬರಬೇಡ ಎಂದಿದ್ದಳು. ಅರವತ್ತೊಂದು ವರ್ಷದ ಪ್ರೊಫೆಸರರು ಈ ಲೋಕದಲ್ಲಿ ಹೆದರುತ್ತಿದ್ದುದು ಅಕ್ಕನೊಬ್ಬಳಿಗೆ.

ಚೀಲಗಳನ್ನು ತೆರೆದು ನೋಡಿದ್ದರೆ ಐದು ನಿಮಿಷದ ಕೆಲಸ. ಆದರೆ ಕಾನೂನಿನ ಪ್ರೊಫೆಸರರು ಲಿಖಿತ ಒಪ್ಪಿಗೆಯಿಲ್ಲದೆ ಯಾರ ಜಿಪ್ಪನ್ನೂ ಎಳೆಯುವಂತಿಲ್ಲ ಎಂದರು. ಸಮಾಜಶಾಸ್ತ್ರದ ಮೇಡಂ, ಕಳ್ಳ ಎನ್ನುವುದೇ ಪೂರ್ವಗ್ರಹ, ‘ಸದ್ಯ ಫ್ಲಾಸ್ಕು ಉಳ್ಳವರು’ ಎನ್ನಬೇಕು ಎಂದು ಪಟ್ಟು ಹಿಡಿದರು. ಇದರಲ್ಲೇ ನಲವತ್ತು ನಿಮಿಷ ಹೋಯಿತು. ಕೊನೆಗೆ ಅಧ್ಯಕ್ಷರು ಯಾರ ಮಾನವೂ ಹೋಗದ ವಿಧಾನ ಉಂಟೇ ಎಂದು ಕೇಳಿದರು. ಗಣಿತದವರು ಎದ್ದು ನಿಂತರು. ಹನ್ನೆರಡು ವರ್ಷ ಅವರು ಬರೆದದ್ದೆಲ್ಲ ಅದೇ ವಿಧಾನದ ಬಗ್ಗೆ.

ಒಬ್ಬೊಬ್ಬರಾಗಿ ಬೀರುವಿನ ಹಿಂದೆ ಹೋಗಿ ನಾಣ್ಯ ಚಿಮ್ಮುವುದು. ತಲೆ ಬಿದ್ದರೆ ಕಣ್ಣು ಮುಚ್ಚಿ ‘ಹೌದು, ನಾನೇ ಕದ್ದೆ’ ಎಂದು ಚೀಟಿಯಲ್ಲಿ ಬರೆಯುವುದು. ಅಂಕಿ ಬಿದ್ದರೆ ನಿಜ ಬರೆಯುವುದು. ಯಾರ ‘ಹೌದು’ ನಾಣ್ಯದ್ದು, ಯಾರದು ಕಳ್ಳನದು ಎಂದು ದೇವರಿಗೂ ತಿಳಿಯದು. ಅರ್ಧ ಜನರಿಗೆ ತಲೆ ಬೀಳುತ್ತದೆಂಬ ಅಂದಾಜಿನಲ್ಲಿ, ಹೌದುಗಳನ್ನು ಎರಡರಿಂದ ಗುಣಿಸಿ ಒಟ್ಟು ಜನರನ್ನು ಕಳೆದರೆ ಕಳ್ಳರ ಸಂಖ್ಯೆ ಸಿಗುತ್ತದೆ.

ಹೌದುಗಳು ಐದು ಬಂದವು. ಎರಡೈದಲಿ ಹತ್ತು; ಹತ್ತರಲ್ಲಿ ಹನ್ನೊಂದು ಕಳೆದರೆ ಮೈನಸ್ ಒಂದು.

“ಅಂದರೆ?” ಎಂದರು ಅಧ್ಯಕ್ಷರು.

ಹನ್ನೊಂದೇ ಜನರಿರುವಲ್ಲಿ ಹೀಗೂ ಆಗಬಹುದು ಎನ್ನಲು ಪ್ರೊಫೆಸರರು ಬಾಯಿ ತೆರೆದರು. ಹಾಗೆಂದರೆ ಇಲ್ಲಿ ಈ ವಿಧಾನ ಹಿಡಿದದ್ದೇ ತಪ್ಪು ಎಂದು ಒಪ್ಪಿದಂತೆ. ಬಾಯಿ ಮುಚ್ಚಿದರು.

ಅಷ್ಟರಲ್ಲಿ ಕಾನೂನಿನವರು ಎಳೆಎಳೆಯಾಗಿ ಬಿಡಿಸಿಟ್ಟರು. ಕಳ್ಳ ಎಂದರೆ ಬೇರೆಯವರದನ್ನು ತೆಗೆದುಕೊಂಡವನು. ಮೈನಸ್ ಕಳ್ಳ ಎಂದರೆ ತನ್ನದನ್ನು ಕೊಟ್ಟುಹೋದವನು. ಈ ಕೊಠಡಿಯಲ್ಲಿ ಫ್ಲಾಸ್ಕು ಕಳೆದುಕೊಂಡವರು ಒಬ್ಬರೇ, ಲೆಕ್ಕ ತಾಳೆಯಾಯಿತು. ಮಂಡಳಿಗೆ ಫ್ಲಾಸ್ಕು ದಾನ ಮಾಡಿದ ಗಣಿತದ ಪ್ರೊಫೆಸರರಿಗೆ ಕೃತಜ್ಞತೆ ಸಲ್ಲಿಸುವ ನಿರ್ಣಯ ಅವಿರೋಧವಾಗಿ ಅಂಗೀಕಾರವಾಯಿತು. ಚಪ್ಪಾಳೆಯೂ ಬಿತ್ತು.

ಪಡಸಾಲೆಯಲ್ಲಿ, ಮೂವತ್ತು ವರ್ಷದಿಂದ ಅಲ್ಲಿ ಚಹಾ ಕೊಡುತ್ತಿದ್ದ ಅಟೆಂಡರು ಗಣಿತದ ಪ್ರೊಫೆಸರರನ್ನು ಪಕ್ಕಕ್ಕೆ ಕರೆದರು.

“ಅದು ಅಧ್ಯಕ್ಷರ ಕಾರಲ್ಲಿದೆ ಸಾರ್. ಆಫೀಸಿಂದು ಅಂದ್ಕೊಂಡು ಕಂಕುಳಲ್ಲಿ ಇಟ್ಕೊಂಡು ಹೋದ್ರು. ಬಾಗಿಲು ತೆಗೆದವನೇ ನಾನು.”

“ಆಗಲೇ ಯಾಕಪ್ಪಾ ಹೇಳಲಿಲ್ಲ?”

“ನನಗೆ ಚೀಟಿ ಕೊಡಲಿಲ್ಲವಲ್ಲ ಸಾರ್.”

ಕಾರು ಇಪ್ಪತ್ತು ಹೆಜ್ಜೆ ದೂರದಲ್ಲಿ ನಿಂತಿತ್ತು, ಗಾಜು ಇಳಿಸಿತ್ತು. ಪ್ರೊಫೆಸರರು ಹದಿನೆಂಟು ಹೆಜ್ಜೆ ನಡೆದರು. ಸೀಟಿನ ಮೇಲೆ ಅಕ್ಕನ ಫ್ಲಾಸ್ಕು ಕಾಣಿಸಿತು. ಆದರೆ ಹನ್ನೆರಡೂ ಇಪ್ಪತ್ತಕ್ಕೆ ನಿರ್ಣಯವಾಗಿ ಅದು ಸರ್ಕಾರದ ಸ್ವತ್ತಾಗಿತ್ತು. ಈಗ ಕೈ ಹಾಕಿದರೆ ಕಳ್ಳರ ಸಂಖ್ಯೆ ಒಂದು, ಆ ಒಂದು ತಾವೇ, ವಿಧಾನವೂ ಸುಳ್ಳು. ಹದಿನೆಂಟು ಹೆಜ್ಜೆ ಹಿಂದೆ ಬಂದರು.

ಸರಿಯಾಗಿ ಆರಕ್ಕೆ ಮನೆಯ ಬಾಗಿಲಲ್ಲಿ ನಿಂತು ನಿರ್ಣಯದ ಪ್ರತಿಯನ್ನು ಅಕ್ಕನ ಕೈಗಿತ್ತರು. ಅವಳು ಕನ್ನಡಕ ಏರಿಸಿ ಎರಡು ಸಲ ಓದಿದಳು.

“ಈ ಕಾಗದದಲ್ಲಿ ನೀರು ಬಿಸಿ ಇರುತ್ತೇನೋ?”

ಅವರು ಮೈನಸ್ ಒಂದನ್ನು ವಿವರಿಸಹೊರಟರು.

“ಮೈನಸ್ಸು ಗೀನಸ್ಸು ನನಗೆ ಬೇಡ. ನನ್ನ ಫ್ಲಾಸ್ಕು ಬರೋವರೆಗೂ ನೀನೇ ಫ್ಲಾಸ್ಕು. ಒಳಗೆ ಬಾ, ನೀರು ಕಾಯಿಸು.”

ಮರುದಿನ ಅವರು ಅಂಗಡಿಯಿಂದ ತಂದ ಹೊಸ ಫ್ಲಾಸ್ಕನ್ನು ಅವಳು ಮುಟ್ಟಿಯೂ ನೋಡಲಿಲ್ಲ. ಮುಂದಿನ ಸಭೆಯಲ್ಲಿ ಹಳೆಯದು ಅಧ್ಯಕ್ಷರ ಮುಂದೆ ಕುಳಿತಿತ್ತು, ಹೊಟ್ಟೆಯ ಮೇಲೆ ಬಿಳಿ ಬಣ್ಣದಲ್ಲಿ ಸರ್ಕಾರಿ ಸಂಖ್ಯೆ ಬರೆಸಿಕೊಂಡು.

ಇಂದಿಗೆ ಪ್ರೊಫೆಸರರು ಕಾಯಿಸಿಕೊಟ್ಟದ್ದು ಎರಡು ಸಾವಿರದ ನೂರ ಹದಿನಾರು ಲೋಟ. ಫ್ಲಾಸ್ಕು ಬಾಕಿಯೇ ಇದೆ.