ನಿಲ್ಲುವ ಸಾಲು

ಹತ್ತು ಗಂಟೆ ದಾಟಿದರೂ ಫೋನ್ ಸದ್ದು ಮಾಡಲಿಲ್ಲ.

ನಮ್ಮದು ಬಿತ್ತನೆ ಯಂತ್ರ ಮಾಡುವ ಕಾರ್ಖಾನೆ. ಸಾಂತಾ ಫೆ ಬಯಲಿನ ಸೋಯಾ ಹೊಲಗಳ ನಡುವೆ ನಿಂತಿದೆ. ಗಾಳಿ ಎದ್ದ ದಿನ ಹೊಲದ ಮಣ್ಣು ಬಂದು ನನ್ನ ಕೀಲಿಮಣೆಯ ಮೇಲೂ ಕೂರುತ್ತದೆ. ಮಹಡಿಯಲ್ಲಿ, ಗಾಜಿನ ಹಿಂದೆ ಕೂತು ಮಿಲ್ಲಿಂಗ್ ಮೆಷಿನ್ನಿಗೆ ಪ್ರೋಗ್ರಾಂ ಬರೆಯುವುದು ನನ್ನ ಕೆಲಸ. ಕೊರೆಯುವ ಹಲ್ಲು ಎಲ್ಲಿಗೆ ಹೋಗಬೇಕು, ಎಷ್ಟು ಆಳ ಇಳಿಯಬೇಕು, ಎಲ್ಲಿ ನಿಲ್ಲಬೇಕು, ಎಲ್ಲವೂ ಸಾಲುಸಾಲಾಗಿ. ಕೆಳಗೆ ಅದನ್ನು ನಡೆಸುವವನು ಎಲ್ವಿಯೊ ಗಸ್ತಾಲ್ದಿ.

ಏಳು ವರ್ಷದ ಹಿಂದೆ ಗೇರ್ ಬಾಕ್ಸಿನ ಕವಚಕ್ಕೆ ಪ್ರೋಗ್ರಾಂ ಬರೆದಾಗ ನಡುವೆ ಒಂದು ಸಾಲು ಸೇರಿಸಿದ್ದೆ: ಮೆಷಿನ್ ಇಲ್ಲಿ ನಿಲ್ಲಲಿ, ಬರೆದವಳು ಬಂದು ಅಳತೆ ನೋಡಲಿ. ಮೊದಲ ತಿಂಗಳು ಅದು ಬೇಕಿತ್ತು. ಆಮೇಲೆ ಬೇಕಿರಲಿಲ್ಲ. ನಾನು ಅಳಿಸಲಿಲ್ಲ. ದಿನಕ್ಕೊಂದು ಕವಚ, ದಿನಾ ಹತ್ತಕ್ಕೆ ಎಲ್ವಿಯೊನ ಫೋನು.

“ಇಳಿದು ಬನ್ನಿ ಮಹಾರಾಯ್ತಿ, ನಿಮ್ಮ ಕಬ್ಬಿಣ ಮುನಿಸ್ಕೊಂಡು ಕೂತಿದೆ.”

ಹೋಗಿ ಅಳೆಯುತ್ತಿದ್ದೆ. ಅವನು ಸೋರೆಬುರುಡೆಯಲ್ಲಿ ಮಾಟೆ ಎಲೆ ಹಾಕಿ, ಚಹಾದಂತೆ ಬಿಸಿನೀರು ಹೊಯ್ದು ಕೊಡುತ್ತಿದ್ದ. ಒಂದೇ ಕೊಳವೆಯಲ್ಲಿ ಸರದಿಯ ಮೇಲೆ ಕುಡಿಯುತ್ತ ಮಳೆಯ ಮಾತು, ಅವನ ಕೋಳಿಗಳ ಮಾತು, ನನ್ನ ಅಮ್ಮನ ಕೆಮ್ಮಿನ ಮಾತು. ಹತ್ತು ನಿಮಿಷ.

ಇವತ್ತು ಅವನ ಕೊನೆಯ ದಿನ. ಹೆಂಡತಿ ತೀರಿಕೊಂಡು ಒಂಬತ್ತು ವರ್ಷ. ದೂರದ ತಂದಿಲ್ ಊರಿನಲ್ಲಿರುವ ಮಗಳಿಗೆ ಅವಳಿ ಮಕ್ಕಳಾಗಿವೆ, ಇನ್ನು ಅಲ್ಲೇ ಇರುತ್ತಾನಂತೆ. ಎರಡೂವರೆಗೆ ಬಸ್ಸು. ಆ ಹತ್ತು ನಿಮಿಷದಲ್ಲಿ ಇವತ್ತಾದರೂ ಕೇಳಿಬಿಡಬೇಕೆಂದಿದ್ದೆ: ಅವನಿಗೆ ಅದು ಬರೀ ಅಳತೆಯೇ ಆಗಿತ್ತೆ?

ಗಾಜಿನಿಂದ ಬಗ್ಗಿ ನೋಡಿದೆ. ಎಲ್ವಿಯೊ ಕಾಗದಗಳಿಗೆ ಸಹಿ ಹಾಕಲು ಆಫೀಸಿಗೆ ಹೋಗಿದ್ದ. ಅವನ ಜಾಗಕ್ಕೆ ಬಂದಿರುವ ಯಮಿಲಾ ಆಗಲೇ ಕವಚ ಬಿಚ್ಚಿ ಇಳಿಸುತ್ತಿದ್ದಳು. ಓಡಿ ಇಳಿದೆ.

“ಯಾಕಮ್ಮಾ, ನಡುವೆ ನಿಂತಾಗ ನನ್ನ ಕರೀಬಾರದಿತ್ತಾ?”

“ನಿಲ್ಲಲೇ ಇಲ್ವಲ್ಲ ಮೇಡಂ! ಒಂದೇ ಓಟಕ್ಕೆ ಮುಗೀತು. ದೇವರಾಣೆ, ನಾನೇನೂ ಮುಟ್ಟಿಲ್ಲ.”

ಮೆಷಿನ್ನಿನ ಪರದೆಯಲ್ಲಿ ಪ್ರೋಗ್ರಾಂ ತೆರೆದು ಓದಿದೆ. ನನ್ನ ಸಾಲು ಇರಲಿಲ್ಲ. ಬೇಡದ ನಿಲುಗಡೆಗಳನ್ನೆಲ್ಲ ತೆಗೆದುಹಾಕಿದ್ದೇನೆಂದು ಇಂಜಿನಿಯರು ಮೇಲೆ ಬರೆದಿಟ್ಟಿದ್ದರು. ಜೊತೆಗೆ ತಾರೀಖೂ ಇತ್ತು, ಮೂರು ವರ್ಷದ ಹಿಂದಿನದು. ಆ ಫೈಲನ್ನು ನಾನು ಎಷ್ಟೋ ಕಾಲದಿಂದ ತೆರೆದೇ ಇರಲಿಲ್ಲ. ತೆರೆದರೆ ಆ ಸಾಲನ್ನು ಅಳಿಸಬೇಕಾದೀತೆಂಬ ಭಯ.

ಅಂದರೆ ಮೂರು ವರ್ಷ, ದಿನಾ ಹತ್ತಕ್ಕೆ, ಮೆಷಿನ್ ನಿಲ್ಲಿಸಿದ್ದು ಎಲ್ವಿಯೊನ ಬೆರಳು.

ಅವನು ಕೈ ತೊಳೆದು, ಚಿಂದಿಬಟ್ಟೆಯಲ್ಲಿ ಒರೆಸಿಕೊಳ್ಳುತ್ತ ಬಂದ. “ಏನ್ರಮ್ಮಾ, ಇಬ್ಬರೂ ಸಾವಿನ ಮನೇಲಿ ನಿಂತಂಗೆ ನಿಂತಿದೀರಿ? ನಾನಿನ್ನೂ ಬದುಕಿದೀನಿ.”

“ಆ ಸಾಲು ಇಲ್ಲ, ಎಲ್ವಿಯೊ.”

ಅವನು ಪರದೆಯ ಕಡೆ ನೋಡಲಿಲ್ಲ. ಕಿವಿ ಕೆಂಪಾದವು. “ಇಲ್ಲ. ಅದು ಹೋಗಿ ಯಾವ ಕಾಲ ಆಯ್ತು.”

“ನನಗೊಂದು ಮಾತು ಹೇಳಬಾರದಿತ್ತಾ?”

“ಹೇಳಿದ್ದಿದ್ರೆ ನೀವು ಇಳಿದು ಬರ್ತಿದ್ರಾ, ಡೆಲ್ಮಿರಾ?”

ಯಮಿಲಾ ಪೊರಕೆ ಹುಡುಕುವ ನೆವದಲ್ಲಿ ಆಚೆ ಹೋದಳು.

“ಬರ್ತಿದ್ದೆ,” ಅಂದೆ.

ಅವನು ತಲೆಯಾಡಿಸಿದ. ನೆಲಕ್ಕೆ ಹೇಳುವಂತೆ ಹೇಳಿದ: “ತಂದಿಲ್‌ನಲ್ಲಿ ಗುಡ್ಡ ಇದಾವಂತೆ. ಈ ವಯಸ್ಸಾದ್ರೂ ನಾನು ಒಂದು ಗುಡ್ಡ ನೋಡಿದವನಲ್ಲ.”

“ನಾನೂ ನೋಡಿಲ್ಲ,” ಅಂದೆ.

ಅವನು ಕೈ ಒರೆಸುತ್ತಲೇ ಇದ್ದ. ಅವು ಒಣಗಿ ಆಗಲೇ ಬಹಳ ಹೊತ್ತಾಗಿತ್ತು.