ಚಪ್ಪರ ಮುಚ್ಚಿದ ಕೋಶಗಳು

2025ರ ಫೆಬ್ರವರಿ 18, ಮಂಗಳವಾರ, ಬೆಳಗ್ಗೆ 8 ಗಂಟೆ 40 ನಿಮಿಷ. ಮೈಕ್ರೋಸ್ಕೋಪಿನ ಕೆಳಗೆ ಕರುಳಿನ ಕೋಶಗಳು ಒಂದಕ್ಕೊಂದು ಒತ್ತಿಕೊಂಡು ಫ್ಲಾಸ್ಕಿನ ತಳದ ತುಂಬ ಹಬ್ಬಿದ್ದವು. ಅಷ್ಟು ಚೆನ್ನಾಗಿ ಬೆಳೆಯಲು ಕಾರಣವೇ ಇರಲಿಲ್ಲ.

ಆನೇಮಹಲ್ ಬಳಿಯ ನಮ್ಮ ಲ್ಯಾಬಿನಲ್ಲಿ, ಕಾಫಿ ಹಣ್ಣಿನ ಸಿಪ್ಪೆಯ ಸಾರ ಮನುಷ್ಯನ ಕರುಳಿಗೆ ಒಗ್ಗುತ್ತದೆಯೇ ಎಂದು ಪರೀಕ್ಷಿಸುತ್ತೇವೆ. ಇಂಥ ಕೋಶಗಳನ್ನು ಬೆಳೆಸಲು ಸಾಮಾನ್ಯವಾಗಿ ಹಾಕುವುದು ಸೀರಮ್. ಕಡಿದ ಗಬ್ಬದ ಹಸುವಿನ ಹೊಟ್ಟೆಯಲ್ಲಿದ್ದ ಕರುವಿನ ರಕ್ತದಿಂದ ತೆಗೆದದ್ದು. ಅದಿಲ್ಲದೆ ಬದುಕುವುದನ್ನು ಎಂಟು ತಿಂಗಳಿಂದ ಕೋಶಗಳಿಗೆ ರೂಢಿ ಮಾಡಿಸುತ್ತಿದ್ದೆ. ಶೇಕಡಾ ಹತ್ತರಿಂದ ಐದು, ಎರಡು, ಒಂದು, ಈಗ ಅರ್ಧ. ಮುಂದಿನದು ಸೊನ್ನೆ.

ಶುಕ್ರವಾರ ನಾನು ರಜೆಯಲ್ಲಿದ್ದಾಗ ಫ್ಲಾಸ್ಕು ನೋಡಿಕೊಂಡವನು ತಂತ್ರಜ್ಞ ಸುನಿಲ್‌ಕುಮಾರ್. ಅವನ ತಾಯಿ ಈರಮ್ಮ ಹಾನುಬಾಳಿನ ಎಸ್ಟೇಟ್ ಒಂದರ ಕಾಫಿ ಸಸಿಗಳನ್ನು ನೋಡಿಕೊಳ್ಳುತ್ತಾರೆ. ಸಸಿಗೆ ಬಿಸಿಲು ರೂಢಿಯಾಗಲೆಂದು ಚಪ್ಪರವನ್ನು ಸ್ವಲ್ಪ ಸ್ವಲ್ಪವೇ ತೆಗೆಯುತ್ತಾರೆ. ಬಾಡಿದರೆ ಮತ್ತೆ ಮುಚ್ಚುತ್ತಾರೆ. ಕೇಳಿದಾಗ ಅವನು ಬಚ್ಚಿಡಲಿಲ್ಲ.

"ಬಾಡೋಗ್ಬುಟ್ಟಿದ್ವು ಮೇಡಂ. ಸಾಯಕ್ಕೆ ಬಿಡಕ್ಕಾಯ್ತದಾ? ಎರಡು ದಿನ ಚಪ್ಪರ ಮುಚ್ಚಿದಂಗೆ ಅಂತ ಸೀರಮ್ಮು ಹತ್ತಕ್ಕೆ ಏರಿಸ್ದೆ."

"ಸಾಯೋವು ಸಾಯ್ಲಿ ಅಂತಾನೇ ಕಣೋ ಬಿಟ್ಟಿದ್ದು. ಉಳಿಯೋವು ಬೇಕಾಗಿತ್ತು ನಂಗೆ. ನಿಮ್ಮವ್ವನ ಸಸಿಗೆ ಯಾರಾದ್ರೂ ಹಿಂಗೆ ಕೇಳ್ದೆ ಕೈ ಹಾಕಿದ್ರೆ ಸುಮ್ನಿರ್ತಾರಾ?"

ಅವನು ತಲೆ ತಗ್ಗಿಸಿದ. ನನ್ನ ಸಿಟ್ಟು ಇಳಿಯಲಿಲ್ಲ. ಯಾವ ಕೋಶ ತನ್ನ ಬಲದಿಂದ ಬದುಕಿತು, ಯಾವುದು ಸೀರಮಿನಿಂದ ಚೇತರಿಸಿಕೊಂಡಿತು ಎಂದು ಇನ್ನು ಬೇರ್ಪಡಿಸುವಂತಿರಲಿಲ್ಲ.

ಮುಖ್ಯಸ್ಥ ಯೋಗಾನಂದರಿಗೆ ಅದೊಂದು ಸಣ್ಣ ವಿಷಯ. ನಾಲ್ಕು ದಿನದ ಮಾತು ಬಿಟ್ಟು, ವರದಿಯಲ್ಲಿ ಅರ್ಧ ಎಂದೇ ಬರೆಯಲು ಹೇಳಿದರು. "ಯಾರಿಗೆ ಗೊತ್ತಾಗ್ತದೆ ರಶ್ಮಿತಾ? ಕೋಶ ಬಂದು ಸಾಕ್ಷಿ ಹೇಳ್ತವಾ?"

"ನಾನು ಹೇಳ್ತೀನಿ ಸರ್," ಎಂದೆ. ಅವರೆದುರಿಗೇ ದಾಖಲೆ ಪುಸ್ತಕ ತೆರೆದು, ಶುಕ್ರವಾರದ ಸಾಲಿನಲ್ಲಿ ಕೆಂಪು ಶಾಯಿಯಿಂದ ಹತ್ತು ಎಂದು ಬರೆದೆ. ಅವರು ಬಾಗಿಲು ಎಳೆದುಕೊಂಡು ಹೋದ ಸದ್ದಿಗೆ ಪಿಪೆಟ್ಟುಗಳು ಅಲುಗಾಡಿದವು. ಇನ್ನು ಉಪಯೋಗಕ್ಕೆ ಬಾರದ ಆ ಕೋಶಗಳನ್ನು ಕೊಲ್ಲಲು ಫ್ಲಾಸ್ಕಿಗೆ ಬ್ಲೀಚ್ ಸುರಿದೆ.

ಉಳಿದಿದ್ದುದು ಜನವರಿಯಲ್ಲಿ, ಶೇಕಡಾ ಒಂದರ ಹಂತದಲ್ಲಿ, ಹೆಪ್ಪುಗಟ್ಟಿಸಿಟ್ಟ ಕೋಶಗಳ ಒಂದೇ ಸೀಸೆ. ಕರಗಿಸಿದಾಗ ಅರ್ಧಕ್ಕಿಂತ ಹೆಚ್ಚು ಬದುಕಿರದಿದ್ದರೆ ಎಂಟು ತಿಂಗಳೂ ಹೋದಂತೆಯೇ. ಸತ್ತವು ನೀಲಿಯಾಗುವ ಬಣ್ಣ ಬೆರೆಸಿ, ಸುನಿಲನನ್ನೇ ಕೂರಿಸಿ ಎಣಿಸಲು ಹೇಳಿದೆ. ಆಮೇಲೆ ನಾನೂ ಎಣಿಸಿದೆ. ಇಬ್ಬರ ಲೆಕ್ಕವೂ ಒಂದೇ ಬಂತು.

ಬದುಕಿದ್ದವು ಶೇಕಡಾ 57.